ಮುಷ್ಟಿಗಿಂತ ಮೊದಲು ಹೆಜ್ಜೆ

ಸಂಗೀತವನ್ನು ಕಲಿಯಲು ಹೋದ ಬಾಲಕನಿಗೆ ಗುರುಗಳು ಮೊದಲ ದಿನವೇ ಕೀರ್ತನೆಯನ್ನು ಹೇಳಿಕೊಡುವುದಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಬಳಿಕ ಜಂಟಿ ವರಸೆ, ಅದರ ಮೇಲೆ ಅಲಂಕಾರ, ಗೀತೆ ಎಂದು ಒಂದೊಂದೇ ಮೆಟ್ಟಿಲನ್ನು ಹತ್ತಿಸುತ್ತಾರೆ. ನಮ್ಮ ಊರುಗಳ ಗರಡಿಮನೆಗಳಲ್ಲಿಯೂ ಇದೇ ಪದ್ಧತಿ. ಹೊಸದಾಗಿ ಸೇರಿದ ಹುಡುಗನು ಮೊದಲು ಮಟ್ಟಿಯ ಮಣ್ಣನ್ನು ಹದಮಾಡಬೇಕು. ದಂಡ, ಬಸ್ಕಿಗಳಿಂದ ಮೈಯನ್ನು ಹುರಿಗೊಳಿಸಬೇಕು. ಉಸ್ತಾದರು ಒಪ್ಪಿಗೆಯಿತ್ತ ಮೇಲೆ ಮಾತ್ರ ಜೋಡಿಯೊಡನೆ ಕುಸ್ತಿಗೆ ಇಳಿಯಬೇಕು. ಯಾವ ವಿದ್ಯೆಗೂ ತಳಪಾಯವೆಂಬುದೊಂದು ಉಂಟು. ಮುಷ್ಟಿಯುದ್ಧವೂ ಈ ಮಾತಿಗೆ ಹೊರತಲ್ಲ. ಆದರೆ ಇಲ್ಲಿ ಒಂದು ಭೇದವಿದೆ. ಸಂಗೀತದಲ್ಲಿ ಮೆಟ್ಟಿಲು ತಪ್ಪಿದರೆ ಅಪಸ್ವರ ಹೊರಡುತ್ತದೆ. ಮುಷ್ಟಿಯುದ್ಧದಲ್ಲಿ ಮೆಟ್ಟಿಲು ತಪ್ಪಿದರೆ ಪೆಟ್ಟು ಬೀಳುವುದು ತಲೆಗೆ.

ಮುಷ್ಟಿಯುದ್ಧವು ಬಹು ಪುರಾತನವಾದ ಆಟ. ಪ್ರಾಚೀನ ಗ್ರೀಸಿನ ಒಲಿಂಪಿಕ್ ಕ್ರೀಡೆಗಳಲ್ಲಿ ಇದು ಕ್ರಿ. ಪೂ. ೬೮೮ರಲ್ಲಿ ಸೇರಿತೆಂದು ಹೇಳುತ್ತಾರೆ. ನಮ್ಮ ನಾಡಿನಲ್ಲಿಯೂ ಮುಷ್ಟಿಯ ಕಾಳಗಕ್ಕೆ ಒಂದು ಪರಂಪರೆಯಿದೆ. ಮೈಸೂರಿನ ದಸರಾ ಸಂದರ್ಭದಲ್ಲಿ ಅರಮನೆಯ ಆವರಣದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಪ್ರಸಿದ್ಧವಾದುದು. ಮೊದಲ ಹನಿ ರಕ್ತ ಕಾಣಿಸಿಕೊಂಡೊಡನೆ ಅದು ನಿಲ್ಲುತ್ತದೆ. ಇಂದು ನಾವು ಬಾಕ್ಸಿಂಗ್ ಎಂದು ಕರೆಯುವ ಆಟವು ರೂಪುಗೊಂಡುದು ಇಂಗ್ಲೆಂಡಿನಲ್ಲಿ. ಜಾಕ್ ಬ್ರೌಟನ್ ಎಂಬ ಮಲ್ಲನು ೧೭೪೩ರಲ್ಲಿ ಮೊದಲ ನಿಯಮಗಳನ್ನು ಬರೆದನು. ಕಲಿಯಲು ಬಂದವರ ಮುಖಕ್ಕೆ ಗಾಯವಾಗದಿರಲೆಂದು ಅಭ್ಯಾಸಕ್ಕೆ ಮೆತ್ತನೆಯ ಕೈಗವಸನ್ನು ಬಳಕೆಗೆ ತಂದವನೂ ಅವನೇ. ೧೮೬೭ರಲ್ಲಿ ಕ್ವೀನ್ಸ್‌ಬರಿ ನಿಯಮಗಳು ಪ್ರಕಟವಾದವು. ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಕೈಗವಸಿನ ಕಡ್ಡಾಯ ಎಂಬ ಕಟ್ಟಳೆಗಳು ಅಂದಿನಿಂದ ನೆಲೆಗೊಂಡವು. ಆಧುನಿಕ ಒಲಿಂಪಿಕ್ಸ್‌ಗೆ ಈ ಆಟವು ೧೯೦೪ರಲ್ಲಿ ಪ್ರವೇಶಿಸಿತು; ಮಹಿಳೆಯರಿಗೆ ಆ ಕಣದ ಬಾಗಿಲು ತೆರೆದುದು ೨೦೧೨ರಲ್ಲಿ. ಈ ಇತಿಹಾಸದುದ್ದಕ್ಕೂ ಒಂದು ಎಳೆ ಕಾಣುತ್ತದೆ. ಹೊಡೆದಾಟವನ್ನು ಹೊಡೆದಾಟವಾಗಿಯೇ ಬಿಡದೆ, ಅದನ್ನು ನಿಯಮಕ್ಕೂ ವಿದ್ಯೆಗೂ ಒಳಪಡಿಸಬೇಕೆಂಬ ಮನುಷ್ಯನ ಪ್ರಯತ್ನವೇ ಆ ಎಳೆ.

ಅಮೆರಿಕದ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ ೧೯೫೪ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ಹೊಸ ಸೈಕಲ್ಲು ಕಳುವಾಯಿತು. ಕೋಪದಿಂದ ಕುದಿಯುತ್ತಿದ್ದ ಹುಡುಗನು ಜೋ ಮಾರ್ಟಿನ್ ಎಂಬ ಪೊಲೀಸನ ಬಳಿಗೆ ಬಂದು, ಕಳ್ಳನು ಸಿಕ್ಕಿದರೆ ಅವನನ್ನು ಥಳಿಸುವುದಾಗಿ ಹೇಳಿದನು. ಮಾರ್ಟಿನ್ನನು ಬಿಡುವಿನ ವೇಳೆಯಲ್ಲಿ ಅದೇ ಕಟ್ಟಡದಲ್ಲಿ ಹುಡುಗರಿಗೆ ಮುಷ್ಟಿಯುದ್ಧವನ್ನು ಕಲಿಸುತ್ತಿದ್ದವನು. ಯಾರನ್ನಾದರೂ ಕಾಳಗಕ್ಕೆ ಕರೆಯುವ ಮುನ್ನ ಕಾದುವುದನ್ನು ಕಲಿಯುವುದು ಒಳ್ಳೆಯದೆಂದು ಅವನು ಹುಡುಗನಿಗೆ ಬುದ್ಧಿ ಹೇಳಿದನು. ಆ ಹುಡುಗ ಕ್ಯಾಷಿಯಸ್ ಕ್ಲೇ. ಮುಂದೆ ಮುಹಮ್ಮದ್ ಅಲಿ ಎಂಬ ಹೆಸರಿನಿಂದ ಲೋಕವಿಖ್ಯಾತನಾದವನು. ಆರು ವರ್ಷಗಳ ತರುವಾಯ, ೧೯೬೦ರ ರೋಮ್ ಒಲಿಂಪಿಕ್ಸ್‌ನಲ್ಲಿ, ಹದಿನೆಂಟರ ಹರೆಯದಲ್ಲಿ ಆತನು ಸ್ವರ್ಣಪದಕವನ್ನು ಗೆದ್ದನು. ಸೈಕಲ್ಲು ಮರಳಿ ಬರಲಿಲ್ಲ. ಕೋಪವು ಮಾತ್ರ ವಿದ್ಯೆಯಾಗಿ ಮಾರ್ಪಟ್ಟಿತು. ಹಾಗಾದರೆ ಕಾದುವುದನ್ನು ಕಲಿಯುವುದೆಂದರೆ ಏನು? ಅದು ಎಲ್ಲಿಂದ ಆರಂಭವಾಗುತ್ತದೆ?

ಮುಷ್ಟಿಯುದ್ಧದ ಪಾಠವು ಮುಷ್ಟಿಯಿಂದ ಆರಂಭವಾಗುವುದಿಲ್ಲ, ಪಾದದಿಂದ ಆರಂಭವಾಗುತ್ತದೆ. ಮೊದಲನೆಯದು ನಿಲುವು. ಬಲಗೈ ಬಳಕೆಯವನು ಎಡಗಾಲನ್ನು ಮುಂದಕ್ಕೆ, ಬಲಗಾಲನ್ನು ಹಿಂದಕ್ಕೆ ಇಡುತ್ತಾನೆ. ಎಡಗೈ ಬಳಕೆಯವನದು ಇದರ ತಿರುವುಮುರುವು. ಎರಡು ಪಾದಗಳ ನಡುವೆ ಭುಜದಗಲದಷ್ಟು ಅಂತರವಿರಬೇಕು. ಪಾದಗಳು ಒಂದೇ ಗೆರೆಯ ಮೇಲೆ ಒಂದರ ಹಿಂದೊಂದು ನಿಲ್ಲಬಾರದು. ನಿಂತರೆ ಪಕ್ಕದಿಂದ ಬಂದ ಸಣ್ಣ ನೂಕಿಗೂ ದೇಹವು ವಾಲುತ್ತದೆ. ಹಿಂದಿನ ಹಿಮ್ಮಡಿ ನೆಲದಿಂದ ತುಸು ಮೇಲೆದ್ದಿರಬೇಕು. ಮೊಣಕಾಲುಗಳು ಸ್ವಲ್ಪ ಬಾಗಿರಬೇಕು. ಮೈಯ ಭಾರವು ಎರಡು ಕಾಲುಗಳ ಮೇಲೂ ಹಂಚಿಹೋಗಿರಬೇಕು. ಗಲ್ಲವು ಎದೆಯ ಕಡೆಗೆ ಬಾಗಿರಬೇಕು; ಮೊಣಕೈಗಳು ಪಕ್ಕೆಲುಬುಗಳನ್ನು ಕಾಯಬೇಕು; ಹಿಂದಿನ ಕೈ ಗಲ್ಲದ ಪಕ್ಕದಲ್ಲಿಯೂ ಮುಂದಿನ ಕೈ ಕೆನ್ನೆಯ ಎತ್ತರದಲ್ಲಿ ತುಸು ಮುಂದಕ್ಕೂ ಇರಬೇಕು. ಕಣ್ಣುಗಳು ಎದುರಾಳಿಯನ್ನು ಬಿಟ್ಟು ಅತ್ತಿತ್ತ ಸರಿಯಬಾರದು. ಇಷ್ಟನ್ನು ಓದಲು ಒಂದು ನಿಮಿಷ ಸಾಕು; ಮೈಗೆ ಒಗ್ಗಿಸಿಕೊಳ್ಳಲು ವಾರಗಳೇ ಬೇಕು.

ನಿಲುವಿನ ಅನಂತರ ನಡೆ. ಮುಂದಕ್ಕೆ ಹೋಗುವಾಗ ಮುಂದಿನ ಪಾದ ಮೊದಲು ಚಲಿಸಬೇಕು, ಹಿಂದಿನದು ಅದನ್ನು ಹಿಂಬಾಲಿಸಬೇಕು. ಹಿಂದಕ್ಕೆ ಸರಿಯುವಾಗ ಹಿಂದಿನ ಪಾದ ಮೊದಲು. ಎಡಕ್ಕೆ ಎಡಪಾದ, ಬಲಕ್ಕೆ ಬಲಪಾದ. ಯಾವ ದಿಕ್ಕಿಗೆ ಹೋಗಬೇಕೋ ಆ ದಿಕ್ಕಿಗೆ ಹತ್ತಿರವಿರುವ ಪಾದವೇ ಮೊದಲು ಹೊರಡಬೇಕು ಎಂಬುದು ಇದರ ಸಾರ. ಪಾದಗಳು ಕತ್ತರಿಯಂತೆ ಒಂದನ್ನೊಂದು ದಾಟಬಾರದು. ಪ್ರತಿ ಹೆಜ್ಜೆಯ ಕೊನೆಯಲ್ಲಿಯೂ ಮೊದಲಿದ್ದ ನಿಲುವೇ ಮರಳಿ ದೊರೆಯಬೇಕು. ನೆಲದ ಮೇಲೆ ಸೀಮೆಸುಣ್ಣದ ಗೆರೆಯನ್ನೆಳೆದು, ಅದರ ಇಕ್ಕೆಲಗಳಲ್ಲಿ ಪಾದಗಳನ್ನಿಟ್ಟು ಹಿಂದೆ ಮುಂದೆ ಸರಿಯುವುದು ಇದಕ್ಕೆ ಒಳ್ಳೆಯ ಅಭ್ಯಾಸ. ಇದಕ್ಕೆ ಖರ್ಚಿಲ್ಲ, ಸಲಕರಣೆಯಿಲ್ಲ; ಬೇಕಾದುದು ತಾಳ್ಮೆಯೊಂದೇ. ಎದುರಾಳಿಯ ಹೊಡೆತವು ಒಂದು ಗೇಣು ದೂರದಲ್ಲಿ ವ್ಯರ್ಥವಾಗುವಂತೆ ನಿಲ್ಲುವವನು ಕೈಯೆತ್ತದೆಯೇ ತನ್ನನ್ನು ಕಾಪಾಡಿಕೊಂಡಿರುತ್ತಾನೆ.

ಇನ್ನು ಮುಷ್ಟಿ. ಬೆರಳುಗಳನ್ನು ಬಿಗಿಯಾಗಿ ಮಡಿಸಿ, ಹೆಬ್ಬೆರಳನ್ನು ಅವುಗಳ ಹೊರಗೆ ಅಡ್ಡಲಾಗಿ ಇಡಬೇಕು. ಹೆಬ್ಬೆರಳನ್ನು ಒಳಗೆ ಸೇರಿಸಿದವನು ತನ್ನ ಹೊಡೆತದಿಂದ ತನ್ನ ಬೆರಳನ್ನೇ ಮುರಿದುಕೊಳ್ಳುತ್ತಾನೆ. ಪೆಟ್ಟು ತಾಗಬೇಕಾದುದು ತೋರುಬೆರಳು, ನಡುಬೆರಳುಗಳ ಗೆಣ್ಣುಗಳಿಂದ. ಮಣಿಕಟ್ಟು ಮುಂಗೈಯೊಡನೆ ನೇರವಾಗಿರಬೇಕು. ಕಿರುಬೆರಳಿನ ಕಡೆಯಿಂದ ಹೊಡೆಯುವವರಿಗೆ ಅಂಗೈಯ ಕಿರುಬೆರಳಿನ ಮೂಳೆ ಮುರಿಯುವುದು ಎಷ್ಟು ಸಾಮಾನ್ಯವೆಂದರೆ, ವೈದ್ಯರು ಆ ಮುರಿತವನ್ನು ಬಾಕ್ಸರನ ಮುರಿತವೆಂದೇ ಕರೆಯುತ್ತಾರೆ. ವಿಚಿತ್ರವೆಂದರೆ ನುರಿತ ಮುಷ್ಟಿಪಟುಗಳಿಗಿಂತ ಕಲಿಯದೆ ಕೈಬೀಸುವವರಿಗೇ ಅದು ಹೆಚ್ಚಾಗಿ ಆಗುತ್ತದೆ. ಆದ್ದರಿಂದ ಕೈಗೆ ಬಟ್ಟೆಯ ಪಟ್ಟಿಯನ್ನು ಕ್ರಮವಾಗಿ ಸುತ್ತಿಕೊಳ್ಳುವುದೂ ಮೊದಲ ಪಾಠಗಳಲ್ಲಿ ಒಂದು.

ಹೊಡೆತಗಳಲ್ಲಿ ಮೊದಲು ಕಲಿಯಬೇಕಾದುದು ಮುಂದಿನ ಕೈಯ ನೇರ ಹೊಡೆತ. ಜ್ಯಾಬ್ ಎಂದು ಅದರ ಹೆಸರು. ಕೈಯನ್ನು ಹಿಂದಕ್ಕೆ ಸೆಳೆಯದೆ, ಇದ್ದಲ್ಲಿಂದಲೇ ನೇರವಾಗಿ ಚಾಚಿ, ಹೋದ ದಾರಿಯಲ್ಲಿಯೇ ಗಲ್ಲದ ಬಳಿಗೆ ಮರಳಿಸಬೇಕು. ಹೋಗುವ ವೇಗಕ್ಕಿಂತ ಮರಳುವ ವೇಗ ಕಡಿಮೆಯಾಗಬಾರದು. ಅನಂತರ ಹಿಂದಿನ ಕೈಯ ನೇರ ಹೊಡೆತ. ಬಲವು ತೋಳಿನಿಂದ ಬರುತ್ತದೆಂದು ಅನೇಕರು ಭಾವಿಸುತ್ತಾರೆ. ಅದು ಬರುವುದು ನೆಲದಿಂದ. ನಾವು ನೆಲವನ್ನು ಒತ್ತಿದಷ್ಟೇ ಬಲದಿಂದ ನೆಲವು ನಮ್ಮನ್ನು ಒತ್ತುತ್ತದೆ ಎಂಬ ನ್ಯೂಟನ್ನನ ಮೂರನೆಯ ನಿಯಮವು ಇಲ್ಲಿ ಕೆಲಸ ಮಾಡುತ್ತದೆ. ಹಿಂದಿನ ಪಾದ ತಿರುಗಿ, ಸೊಂಟ ತಿರುಗಿ, ಭುಜ ತಿರುಗಿ, ಕೊನೆಯಲ್ಲಿ ಮುಷ್ಟಿಯು ಆ ಬಲವನ್ನು ಮುಟ್ಟಿಸುತ್ತದೆ. ನಿಲುವು ಸರಿಯಿಲ್ಲದವನ ತೋಳು ಎಷ್ಟೇ ದಪ್ಪವಾಗಿದ್ದರೂ ಈ ಸರಪಣಿಯ ಒಂದು ಕೊಂಡಿ ಕಳಚಿದಂತೆಯೇ ಸರಿ.

ಹೊಡೆಯುವುದರ ಜೊತೆಜೊತೆಗೆ ತಪ್ಪಿಸಿಕೊಳ್ಳುವುದನ್ನೂ ಕಲಿಯಬೇಕು. ಬಂದ ಹೊಡೆತವನ್ನು ಅಂಗೈಯಿಂದ ಪಕ್ಕಕ್ಕೆ ತಟ್ಟುವುದು, ಕೈಗವಸಿನಿಂದ ತಡೆಯುವುದು, ತಲೆಯನ್ನು ಓರೆಮಾಡಿ ಭುಜದ ಮೇಲಿಂದ ಹಾಯಗೊಡುವುದು, ಮೊಣಕಾಲು ಬಾಗಿಸಿ ಕೆಳಗಿಳಿಯುವುದು, ಒಂದು ಹೆಜ್ಜೆ ಹಿಂದೆ ಸರಿಯುವುದು—ಇವೆಲ್ಲ ರಕ್ಷಣೆಯ ಉಪಾಯಗಳು. ಕನ್ನಡಿಯ ಮುಂದೆ ಕಾಲ್ಪನಿಕ ಎದುರಾಳಿಯೊಡನೆ ಸೆಣಸುವುದು, ಹಗ್ಗದಾಟ, ಮರಳಿನ ಚೀಲಕ್ಕೆ ಗುದ್ದುವುದು, ಗುರುವು ಹಿಡಿದ ಮೆತ್ತೆಗೆ ಅವನು ಹೇಳಿದಂತೆ ಹೊಡೆಯುವುದು ಮುಂತಾದ ಅಭ್ಯಾಸಗಳಿಂದ ನಿಲುವು, ನಡೆ, ಹೊಡೆತ, ರಕ್ಷಣೆಗಳು ಒಂದರೊಳಗೊಂದು ಬೆರೆಯುತ್ತವೆ. ಯೋಚಿಸಿ ಮಾಡುತ್ತಿದ್ದುದು ಯೋಚಿಸದೆಯೇ ಆಗತೊಡಗುತ್ತದೆ.

ಇಲ್ಲಿಯೇ ಎಳೆಯರ ಅವಸರ ತಲೆಯೆತ್ತುವುದು. ಎರಡು ವಾರ ಕಳೆಯುವುದರೊಳಗಾಗಿ ಹುಡುಗನಿಗೆ ಎದುರಾಳಿ ಬೇಕೆನಿಸುತ್ತದೆ. ಅಭ್ಯಾಸದ ಸೆಣಸಿಗೆ ಸ್ಪಾರಿಂಗ್ ಎಂದು ಹೆಸರು. ನಿಜವಾದ ಎದುರಾಳಿಯೊಡನೆ, ಗೆಲುವು ಸೋಲುಗಳ ಲೆಕ್ಕವಿಲ್ಲದೆ, ಕಲಿತುದನ್ನು ಪ್ರಯೋಗಿಸಿ ನೋಡುವುದೇ ಅದರ ಉದ್ದೇಶ. ಆದರೆ ಪ್ರಯೋಗಿಸಲು ಏನನ್ನಾದರೂ ಕಲಿತಿರಬೇಕಷ್ಟೆ. ಕಲಿಯದವನನ್ನು ಕಣಕ್ಕೆ ಇಳಿಸಿದರೆ ಆಗುವುದಿಷ್ಟೆ: ಮೊದಲ ಪೆಟ್ಟಿಗೆ ಅವನು ಕಣ್ಣು ಮುಚ್ಚುತ್ತಾನೆ, ಎರಡನೆಯದಕ್ಕೆ ಮುಖ ತಿರುಗಿಸುತ್ತಾನೆ, ಮೂರನೆಯದಕ್ಕೆ ಗಲ್ಲವನ್ನು ಮೇಲೆತ್ತಿ ಗಾಳಿಯಲ್ಲಿ ಕೈಬೀಸುತ್ತಾನೆ. ಇವು ಹೇಡಿತನದ ಲಕ್ಷಣಗಳಲ್ಲ. ಭಯಗೊಂಡ ದೇಹದ ಸಹಜ ಚೇಷ್ಟೆಗಳು. ಭಯದಲ್ಲಿ ಮಾಡಿದುದನ್ನು ದೇಹವು ಬೇಗನೆ ಕಲಿತುಬಿಡುತ್ತದೆ. ಹೀಗೆ ಒಂದು ತಿಂಗಳಲ್ಲಿ ಅಂಟಿಕೊಂಡ ದುರಭ್ಯಾಸವನ್ನು ಬಿಡಿಸಲು ಗುರುವಿಗೆ ಒಂದು ವರ್ಷವೂ ಸಾಲದೆ ಹೋಗಬಹುದು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇದಕ್ಕಿಂತ ಗಂಭೀರವಾದ ಕಾರಣ ಮತ್ತೊಂದಿದೆ. ನಮ್ಮ ಮಿದುಳು ತಲೆಬುರುಡೆಯೊಳಗೆ ಒಂದು ದ್ರವದಲ್ಲಿ ತೇಲುವಂತೆ ಇದೆ. ಗಲ್ಲಕ್ಕೆ ಪೆಟ್ಟು ಬಿದ್ದು ತಲೆಯು ಥಟ್ಟನೆ ತಿರುಗಿದಾಗ ಮಿದುಳು ಒಳಗೇ ಅಲುಗಿ ತಿರುಚಿಕೊಳ್ಳುತ್ತದೆ. ಅದರ ನವುರಾದ ನರತಂತುಗಳು ಸೆಳೆತಕ್ಕೆ ಸಿಕ್ಕುತ್ತವೆ. ತಲೆನೋವು, ವಾಕರಿಕೆ, ತಲೆಸುತ್ತು, ಬೆಳಕನ್ನು ಸಹಿಸಲಾರದಿರುವುದು, ನಡೆದುದು ಮರೆತುಹೋಗುವುದು ಮುಂತಾದವು ಇದರ ಗುರುತುಗಳು. ಎಚ್ಚರ ತಪ್ಪಿಯೇ ಬೀಳಬೇಕೆಂದೇನೂ ಇಲ್ಲ. ಬೆಳೆಯುವ ಮಕ್ಕಳ ಮಿದುಳು ಚೇತರಿಸಿಕೊಳ್ಳಲು ವಯಸ್ಕರದಕ್ಕಿಂತ ಹೆಚ್ಚು ಕಾಲ ಬೇಕು. ಅದು ಪೂರ್ತಿ ಗುಣವಾಗುವ ಮೊದಲೇ ಎರಡನೆಯ ಪೆಟ್ಟು ಬಿದ್ದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಅಪಾಯ ಒದಗಬಹುದು. ಬಹುಕಾಲ ಪೆಟ್ಟು ತಿಂದ ಮುಷ್ಟಿಪಟುಗಳ ಮಾತು ತೊದಲುವುದನ್ನೂ ನಡೆ ತಡವರಿಸುವುದನ್ನೂ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲೆಂಡ್ ೧೯೨೮ರಲ್ಲಿಯೇ ವರ್ಣಿಸಿ ಎಚ್ಚರಿಕೆಯನ್ನು ನೀಡಿದ್ದನು.

ಶಿರಸ್ತ್ರಾಣವನ್ನು ಧರಿಸಿದರೆ ಸಾಲದೇ ಎಂದು ಕೇಳಬಹುದು. ಅದು ಚರ್ಮ ಹರಿಯುವುದನ್ನೂ ಮುಖ ಬಾತುಕೊಳ್ಳುವುದನ್ನೂ ಬಹುಮಟ್ಟಿಗೆ ತಡೆಯುತ್ತದೆ; ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ೧೯೮೪ರಿಂದ ೨೦೧೨ರವರೆಗೆ ಒಲಿಂಪಿಕ್ ಕಣದಲ್ಲಿ ಕಡ್ಡಾಯವಾಗಿದ್ದ ಶಿರಸ್ತ್ರಾಣವನ್ನು ೨೦೧೬ರ ರಿಯೊ ಕ್ರೀಡೆಗಳಲ್ಲಿ ಪುರುಷರ ವಿಭಾಗದಿಂದ ತೆಗೆದುಹಾಕಿದಾಗ ಈ ವಿಷಯವು ವಿಶೇಷವಾಗಿ ಚರ್ಚೆಗೆ ಬಂದಿತು. ಅಭ್ಯಾಸದಲ್ಲಿ ಶಿರಸ್ತ್ರಾಣವನ್ನು ಎಳೆಯರು ಧರಿಸಲೇಬೇಕು; ಆದರೆ ಅದನ್ನೇ ನಂಬಿ ಪೆಟ್ಟಿಗೆ ತಲೆಯೊಡ್ಡಬಾರದು. ಕಲಿತ ಕಾಲು, ತೆರೆದ ಕಣ್ಣು, ಗಲ್ಲದ ಬಳಿಗೆ ಮರಳುವ ಕೈ—ಇವೇ ನಿಜವಾದ ಶಿರಸ್ತ್ರಾಣ.

ಮುಹಮ್ಮದ್ ಅಲಿಯ ಬಾಳೇ ಇದಕ್ಕೆ ಸಾಕ್ಷಿ. ಯೌವನದಲ್ಲಿ ಆತನ ಪಾದಗಳು ಎಷ್ಟು ಚುರುಕಾಗಿದ್ದುವೆಂದರೆ ಕೈಗಳನ್ನು ಕೆಳಗಿಳಿಸಿಕೊಂಡೇ ಎದುರಾಳಿಯ ಹೊಡೆತಗಳನ್ನು ತಪ್ಪಿಸುತ್ತಿದ್ದನು. ಅಸಾಮಾನ್ಯನಾದ ಆತನಿಗೆ ಸಂದ ಈ ರೀತಿಯನ್ನು ಕಲಿಯುವವರು ಅನುಕರಿಸಬಾರದು. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಪ್ಪದೆ ೧೯೬೭ರಿಂದ ಮೂರು ವರ್ಷಕ್ಕೂ ಮಿಕ್ಕಿ ಕಣದಿಂದ ದೂರವಿರಬೇಕಾಗಿ ಬಂದಿತು. ೧೯೭೦ರಲ್ಲಿ ಮರಳಿದಾಗ ಆ ಕಾಲುಗಳಲ್ಲಿ ಮೊದಲಿನ ವೇಗವಿರಲಿಲ್ಲ. ಕಾಲು ಕಾಪಾಡುತ್ತಿದ್ದುದನ್ನು ಈಗ ಮೈಯೇ ಸಹಿಸಬೇಕಾಯಿತು. ಮಹಾವಿಜಯಗಳು ಬಂದವು, ನಿಜ. ಪೆಟ್ಟುಗಳೂ ಅವುಗಳೊಡನೆ ಬಂದವು. ೧೯೭೭ರಲ್ಲಿ ಆತನ ವೈದ್ಯ ಫರ್ಡಿ ಪಚೆಕೊ, ಇನ್ನು ಸಾಕೆಂಬ ತನ್ನ ಮಾತು ನಡೆಯದಿದ್ದುದರಿಂದ ಆತನ ಪರಿವಾರವನ್ನೇ ತೊರೆದನು. ೧೯೮೧ರಲ್ಲಿ ಅಲಿ ನಿವೃತ್ತನಾದನು. ೧೯೮೪ರಲ್ಲಿ ಪಾರ್ಕಿನ್‌ಸನ್ ರೋಗ ಪತ್ತೆಯಾಯಿತು. ಹೊಡೆತಗಳೇ ಅದಕ್ಕೆ ಕಾರಣವೇ ಎಂಬ ಬಗ್ಗೆ ವೈದ್ಯರಲ್ಲಿ ಏಕಾಭಿಪ್ರಾಯವಿಲ್ಲ. ಆದರೂ ಜಗತ್ತಿನ ಅತ್ಯಂತ ಚುರುಕಾದ ಮುಷ್ಟಿಪಟುವಿನ ಕೈ ನಡುಗುವುದನ್ನು ಕಂಡವರು, ತಲೆಗೆ ಬೀಳುವ ಪೆಟ್ಟನ್ನು ಹಗುರವಾಗಿ ಎಣಿಸಲಾರರು.

ಹಾಗೆಂದು ಸೆಣಸೇ ಬೇಡವೆನ್ನಲಾಗದು. ನೀರಿಗಿಳಿಯದೆ ಈಜು ಬಾರದೆಂಬ ಮಾತು ನಿಜವೇ. ಆದರೆ ಈಜು ಕಲಿಸುವವನು ಮಗುವನ್ನು ಮೊದಲ ದಿನವೇ ಮಡುವಿಗೆ ತಳ್ಳುವುದಿಲ್ಲ. ಸೊಂಟದುದ್ದದ ನೀರಿನಲ್ಲಿ ನಿಲ್ಲಿಸಿ, ಹೊಟ್ಟೆಯಡಿ ಕೈಯಿಟ್ಟು ಕಲಿಸುತ್ತಾನೆ. ಮುಷ್ಟಿಯುದ್ಧಕ್ಕೂ ಅಂತಹ ಆಳವಿಲ್ಲದ ನೀರು ಉಂಟು. ಮೊದಲು ಇಬ್ಬರು ಎದುರುಬದುರಾಗಿ ನಿಂತು, ಹೊಡೆಯದೆ, ಅಂತರವನ್ನು ಕಾಯ್ದುಕೊಂಡು ನಡೆಯುವುದನ್ನಷ್ಟೇ ಅಭ್ಯಸಿಸಬೇಕು. ಅನಂತರ ಒಬ್ಬರ ಭುಜವನ್ನು ಇನ್ನೊಬ್ಬರು ಅಂಗೈಯಿಂದ ಮುಟ್ಟುವ ಆಟ. ಆಮೇಲೆ ಒಬ್ಬನು ಮೆಲ್ಲಗೆ ಜ್ಯಾಬ್ ಮಾತ್ರ ಹಾಕುವುದು, ಇನ್ನೊಬ್ಬನು ರಕ್ಷಣೆ ಮಾತ್ರ ಮಾಡುವುದು. ಬಳಿಕ ಇಬ್ಬರೂ ಜ್ಯಾಬ್ ಮಾತ್ರ. ಇಷ್ಟರಲ್ಲಿ ಕಣ್ಣು ಮುಚ್ಚದೆ, ಉಸಿರು ಕಟ್ಟದೆ, ಕಾಲು ಅಡ್ಡ ಬಾರದೆ ನಿಲ್ಲಬಲ್ಲವನಿಗೆ ಮಾತ್ರ ಮುಕ್ತ ಸೆಣಸು. ಅದಕ್ಕೂ ಕಟ್ಟಳೆಗಳಿವೆ. ತೂಕ, ವಯಸ್ಸು, ಅನುಭವಗಳಲ್ಲಿ ಜೋಡಿ ಸಮನಾಗಿರಬೇಕು. ಸಮನಿಲ್ಲದಿದ್ದರೆ ಹಿರಿಯನು ತನ್ನ ಬಲವನ್ನು ತಗ್ಗಿಸಬೇಕು. ೧೬ ಔನ್ಸಿನ, ಎಂದರೆ ಸುಮಾರು ೪೫೦ ಗ್ರಾಂ ತೂಕದ ಮೆತ್ತನೆಯ ಕೈಗವಸು, ಶಿರಸ್ತ್ರಾಣ, ದಂತರಕ್ಷಕ ಇರಲೇಬೇಕು. ಗುರುವು ಕಣದ ಪಕ್ಕದಲ್ಲಿಯೇ ಇರಬೇಕು. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಆ ದಿನದ ಅಭ್ಯಾಸ ಅಲ್ಲಿಗೇ ಮುಗಿಯಬೇಕು. ವೈದ್ಯರು ಒಪ್ಪುವವರೆಗೆ ಮತ್ತೆ ಕಣವಿಲ್ಲ.

ಈ ತಾಳ್ಮೆಯು ಹೇಡಿಗಳ ಮಾರ್ಗವೆಂದು ಯಾರಾದರೂ ಎಣಿಸಿದರೆ ಅವರು ಕ್ಯೂಬಾದೇಶದ ಕಡೆಗೆ ನೋಡಬೇಕು. ಅಲ್ಸಿಡೆಸ್ ಸಗಾರ್ರ ಎಂಬ ಗುರುವಿನ ಮಾರ್ಗದರ್ಶನದಲ್ಲಿ ಆ ಪುಟ್ಟ ದ್ವೀಪವು ಪಾದಚಲನೆಗೂ ನೇರ ಹೊಡೆತಕ್ಕೂ ಪ್ರಾಧಾನ್ಯವಿತ್ತ ಒಂದು ಪಂಥವನ್ನೇ ಕಟ್ಟಿತು. ತಿಯೊಫಿಲೊ ಸ್ಟೀವನ್‌ಸನ್ ೧೯೭೨, ೧೯೭೬, ೧೯೮೦ರ ಮೂರು ಒಲಿಂಪಿಕ್ಸ್‌ಗಳಲ್ಲಿಯೂ ಸ್ವರ್ಣವನ್ನು ಗೆದ್ದುದು ಈ ಪಂಥದ ಕೀರ್ತಿ. ಅದೇ ಕ್ಯೂಬಾದ ಬಿ. ಐ. ಫರ್ನಾಂಡಿಸ್ ೧೯೯೦ರಲ್ಲಿ ಭಾರತಕ್ಕೆ ಬಂದು ನಮ್ಮ ಪಟುಗಳನ್ನು ತರಬೇತುಗೊಳಿಸಿದರು. ೨೦೧೨ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಗೆ ಪಾತ್ರರಾದರು. ಹರಿಯಾಣದ ಭಿವಾನಿಯಲ್ಲಿ, ೧೯೬೬ ಮತ್ತು ೧೯೭೦ರ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣ ಗೆದ್ದ ಹವಾಸಿಂಗ್ ಅವರು ಮುಷ್ಟಿಯುದ್ಧದ ಬೀಜವನ್ನು ಬಿತ್ತಿದರು. ಅಲ್ಲಿ ೨೦೦೩ರಲ್ಲಿ ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಜಗದೀಶ್ ಸಿಂಗ್ ಅವರ ಶಿಷ್ಯ ವಿಜೇಂದರ್ ಸಿಂಗ್ ೨೦೦೮ರಲ್ಲಿ ಕಂಚಿನ ಪದಕವನ್ನು ಗೆದ್ದು, ಮುಷ್ಟಿಯುದ್ಧದಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಪದಕವನ್ನು ತಂದರು. ೨೦೧೨ರಲ್ಲಿ ಮಣಿಪುರದ ಮೇರಿ ಕೋಮ್, ೨೦೨೧ರಲ್ಲಿ ನಡೆದ ಟೋಕಿಯೊ ಕ್ರೀಡೆಗಳಲ್ಲಿ ಅಸ್ಸಾಮಿನ ಲವ್ಲಿನಾ ಬೊರ್ಗೊಹೈನ್ ಕಂಚು ಗೆದ್ದು, ಈ ವಿದ್ಯೆಯು ಹುಡುಗರ ಸೊತ್ತು ಮಾತ್ರವಲ್ಲವೆಂಬುದನ್ನು ತೋರಿಸಿಕೊಟ್ಟರು. ಪದಕವು ಕೊರಳಿಗೆ ಬೀಳುವ ಗಳಿಗೆಯನ್ನು ಲೋಕವು ನೋಡುತ್ತದೆ. ಅದರ ಹಿಂದಿರುವ, ಯಾರೂ ನೋಡದ ಸಾವಿರಾರು ಹೆಜ್ಜೆಗಳನ್ನು ಕಂಡವರು ಗುರು ಶಿಷ್ಯರಿಬ್ಬರೇ.

ಆದ್ದರಿಂದ ಎಳೆಯ ಮುಷ್ಟಿಪಟುವಿಗೆ ಬೇಕಾದ ಮೊದಲ ಧೈರ್ಯವು ಹೊಡೆಯುವ ಧೈರ್ಯವಲ್ಲ, ಕಾಯುವ ಧೈರ್ಯ. ಜೊತೆಯವರು ನಕ್ಕರೂ ತಾನಿನ್ನೂ ಸಿದ್ಧನಾಗಿಲ್ಲವೆಂದು ಹೇಳಬಲ್ಲವನು ನಿಜವಾಗಿ ಧೀರನು. ಗುರುವಿಗೆ ಬೇಕಾದ ಮೊದಲ ಗುಣವೂ ಅದೇ. ಶಿಷ್ಯನ ಉತ್ಸಾಹವನ್ನು ಕುಂದಿಸದೆ, ಅವನ ಅವಸರಕ್ಕೆ ಮಣಿಯದೆ, ಹೆತ್ತವರು ತನ್ನ ಕೈಗೆ ಒಪ್ಪಿಸಿದ ಮಗುವನ್ನು ಕಾಪಾಡುವುದು ಅವನ ಧರ್ಮ. ಕಣಕ್ಕೆ ಇಳಿಯುವವರಲ್ಲಿ ಒಲಿಂಪಿಕ್ಸ್ ತಲಪುವವರು ಕೆಲವರೇ. ಉಳಿದವರೆಲ್ಲರೂ ನಾಳೆ ರೈತರೋ ಶಿಕ್ಷಕರೋ ಕುಶಲಕರ್ಮಿಗಳೋ ಆಗಿ ಬಾಳಬೇಕಾದವರು. ಆ ಬಾಳಿಗೆ ಅವರ ಮಿದುಳು ಬೇಕು, ಕಣ್ಣು ಬೇಕು, ಕೈ ಬೇಕು. ಒಳ್ಳೆಯ ಗುರುವಿನಿಂದ ಕಲಿತು ಹೊರಬರುವವನು ಚುರುಕಾದ ಕಾಲನ್ನೂ ಶಾಂತವಾದ ಮನಸ್ಸನ್ನೂ ತನ್ನೊಡನೆ ಒಯ್ಯುತ್ತಾನೆ. ತಾನು ತಂದಿದ್ದ ಯಾವುದನ್ನೂ ಅಲ್ಲಿ ಕಳೆದುಕೊಂಡಿರುವುದಿಲ್ಲ.

ಅಭ್ಯಾಸ

೧. ಮುಷ್ಟಿಯುದ್ಧದ ಪಾಠವು ಪಾದದಿಂದ ಆರಂಭವಾಗುತ್ತದೆ ಎಂಬ ಮಾತನ್ನು ವಿವರಿಸಿರಿ.
೨. ಹೊಡೆತದ ಬಲವು ಎಲ್ಲಿಂದ ಹೊರಟು ಮುಷ್ಟಿಯನ್ನು ಹೇಗೆ ತಲಪುತ್ತದೆ?
೩. ಶಿರಸ್ತ್ರಾಣವು ಏನನ್ನು ತಡೆಯುತ್ತದೆ? ಏನನ್ನು ತಡೆಯಲಾರದು?
೪. ಸೆಣಸಿಗೆ ಮುನ್ನ ಏರಬೇಕಾದ ಮೆಟ್ಟಿಲುಗಳನ್ನು ಕ್ರಮವಾಗಿ ಬರೆಯಿರಿ.
೫. ‘ಕಾಯುವ ಧೈರ್ಯ’ ಎಂಬುದನ್ನು ನೀವು ಬಲ್ಲ ಬೇರೊಂದು ವಿದ್ಯೆಗೆ ಅನ್ವಯಿಸಿ ಒಂದು ಪ್ರಬಂಧವನ್ನು ಬರೆಯಿರಿ.